ಹುಂಜದ ಚರ್ಚಿನ ಚರಿತ್ರೆಕಾರ

ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದ ನನ್ನ ಹೆಂಡತಿ ಗಿರಿಜ ಅಡುಗೆಮನೆಯಿಂದಲೇ ಕೂಗಿದಳು: "ರೀ, ಬನ್ನಿ ಇಲ್ಲಿ. ಸೊಪ್ಪಿನ ಜೊತೆ ನೀವೂ ಬಂದಿದೀರಿ."

ಹೋಗಿ ನೋಡಿದರೆ ನಿಜ. ಸೊಪ್ಪು ಸುತ್ತಿಕೊಟ್ಟಿದ್ದ ಹಳೆಯ ಪತ್ರಿಕೆಯ ಹಾಳೆಯಲ್ಲಿ ನಾನಿದ್ದೆ. ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಬಲಗೈಯ ತೋರುಬೆರಳು ಆಕಾಶದ ಕಡೆಗೆ. ಮೂಗಿನ ಮೇಲೆ ಕೊತ್ತಂಬರಿ ಬೇರಿನ ಮಣ್ಣು. ಕೆಳಗೆ ದಪ್ಪಕ್ಷರದಲ್ಲಿ 'ಪುರಾತನ ಚರ್ಚಿನ ನಡೆದಾಡುವ ಇತಿಹಾಸ' ಎಂದು ಬರೆದಿತ್ತು. ಮಂಡಿನೋವಿನಿಂದ ನಾನು ಆಗಲೇ ಸರಿಯಾಗಿ ನಡೆದಾಡುತ್ತಿರಲಿಲ್ಲ. ಅದಿರಲಿ, ಆ ಪುಟದಲ್ಲಿ ಅಚ್ಚಾದದ್ದರಲ್ಲಿ ನನ್ನ ಹೆಸರು ಮತ್ತು ಊರಿನ ಹೆಸರು ಮಾತ್ರ ನಿಜ. ಉಳಿದದ್ದೆಲ್ಲ ನಾನು ಹೇಳಿದ್ದು.

"ಬಿಸಾಕ್ಲಾ, ಇಟ್ಕೊಳ್ತೀರಾ?" ಎಂದಳು ಗಿರಿಜ.

"ಬಿಸಾಕು" ಎಂದೆ. ಆದರೆ ಬಿಸಾಕಿದರೆ ಹೋಗುವಂಥದ್ದಲ್ಲ ಅದು. ಅದಕ್ಕೇ ನಿಮ್ಮ ಮುಂದೆ ಕೂತಿದ್ದೇನೆ. ನಾನು ಓದಿದ್ದು ಎಸ್ಸೆಲ್ಸಿ, ಅದೂ ಎರಡನೇ ಪ್ರಯತ್ನದಲ್ಲಿ. ತಪ್ಪೊಪ್ಪಿಗೆಯನ್ನು ಹೇಗೆ ಬರೆಯಬೇಕೆಂದು ಗೊತ್ತಿಲ್ಲ. ಜಗಲಿಯ ಮೇಲೆ ಕೂತು ಹೇಳಿದ ಹಾಗೆ ಹೇಳುತ್ತೇನೆ, ನೀವೂ ಹಾಗೇ ಕೇಳಿ.

ಭದ್ರಾವತಿಯಲ್ಲಿ ನಮ್ಮ ಮನೆಯ ಕಾಂಪೌಂಡಿಗೆ ಅಂಟಿಕೊಂಡೇ ಒಂದು ಹಳೆಯ ಚರ್ಚು ಇದೆ. ಪ್ರೆಸ್ಬಿಟೇರಿಯನ್ ಚರ್ಚು. ಈ ಹೆಸರನ್ನು ಒಂದೇ ಉಸಿರಿಗೆ ಹೇಳುವವರು ನಮ್ಮ ಬೀದಿಯಲ್ಲಿ ಇವತ್ತಿಗೂ ಕಡಿಮೆ. ಹಾಗಾಗಿ ಎಲ್ಲರಿಗೂ ಅದು ಹುಂಜದ ಚರ್ಚು. ಮೋಟು ಗೋಪುರದ ತುದಿಯಲ್ಲಿ, ಗಾಳಿ ಬಂದ ಕಡೆ ತಿರುಗಲೆಂದು ಕಂಬಿಗೆ ಸಿಕ್ಕಿಸಿದ ಒಂದು ಕಬ್ಬಿಣದ ಹುಂಜವಿದೆ. ಜುಟ್ಟು ಸೆಟೆದುಕೊಂಡು, ಬಾಲ ನಿಗುರಿಸಿಕೊಂಡು, ಯಾರ ಮೇಲೋ ಸಿಟ್ಟು ಬಂದವರ ಹಾಗೆ ನಿಂತಿರುತ್ತದೆ. ಕಟ್ಟಡ ಮಾತ್ರ ಬಲು ಸಾಧು. ಮೊಳದಗಲದ ಗೋಡೆ, ಮಂಗಳೂರು ಹೆಂಚು, ಒಳಗೆ ಉದ್ದನೆಯ ಬೆಂಚುಗಳು. ಒಂದು ವಿಗ್ರಹವಿಲ್ಲ, ಚಿತ್ರವಿಲ್ಲ, ಬಣ್ಣದ ಗಾಜಿಲ್ಲ. ಚಿಕ್ಕಂದಿನಲ್ಲಿ ಮೊದಲ ಸಲ ಒಳಗೆ ಇಣುಕಿ ನೋಡಿ ಬಂದು ನಮ್ಮಜ್ಜಿಗೆ, "ಅಲ್ಲಿ ದೇವರೇ ಇಲ್ಲ ಅಜ್ಜಿ, ಬರೀ ಬೆಂಚಿದೆ" ಎಂದು ವರದಿ ಮಾಡಿದ್ದೆ. ಇಷ್ಟಲಿಂಗ ಕಟ್ಟಿಕೊಂಡ ಅಜ್ಜಿ, "ಒಳ್ಳೇದಾಯ್ತು ಬಿಡು, ಅವರೂ ನಮ್ ಥರವೇ ಸ್ಥಾವರದ ತಂಟೆಗೆ ಹೋಗದವರು" ಎಂದು ಸಮಾಧಾನಪಟ್ಟಿದ್ದಳು.

ಇದನ್ನು ಕಟ್ಟಿಸಿದವರು ಯಾರು ಎಂದು ಖಚಿತವಾಗಿ ಯಾರಿಗೂ ಗೊತ್ತಿಲ್ಲ. ಮರದ ದಿಮ್ಮಿ ವ್ಯಾಪಾರಕ್ಕೆ ಬಂದ ಸ್ಕಾಟ್ಲೆಂಡಿನ ದೊರೆಯೊಬ್ಬ ಎನ್ನುತ್ತಾರೆ. ಅಲ್ಲ, ರೈಲು ಕಂಬಿ ಹಾಕಿಸಲು ಬಂದವನು ಎನ್ನುವವರೂ ಇದ್ದಾರೆ. ಅವನು ಮೊದಲು ಕುದುರೆ ಲಾಯವನ್ನೇ ಕಟ್ಟಿಸಿದ್ದು, ಕುದುರೆ ಸತ್ತ ದುಃಖಕ್ಕೆ ಅದನ್ನೇ ಚರ್ಚು ಮಾಡಿದ ಎಂದು ನಮ್ಮಪ್ಪ ಹೇಳುತ್ತಿದ್ದ. ನಮ್ಮಪ್ಪನ ಮಾತನ್ನು ನಂಬುವ ಹಾಗಿರಲಿಲ್ಲ. ಆ ಗುಣ ನಮ್ಮ ಮನೆತನದಲ್ಲಿ ಇಳಿದು ಬಂದಿದೆ ಎಂಬುದು ಮುಂದೆ ನಿಮಗೇ ತಿಳಿಯುತ್ತದೆ.

ಆ ಸಭೆಯವರ ಒಂದು ಕ್ರಮವನ್ನು ಇಲ್ಲಿ ಹೇಳಬೇಕು. ಅವರಲ್ಲಿ ಬಿಷಪ್ಪರಿಲ್ಲ. ಪಾಸ್ಟರು ಪ್ರಸಂಗ ಮಾಡುತ್ತಾರೆ, ಆಡಳಿತವೆಲ್ಲ ಹಿರಿಯರ ಕೈಯಲ್ಲಿ. ಈ ಚರ್ಚಿನ ಹಿರಿಯರು ಹಿಂದೆ ಯಾವಾಗಲೋ ಜಗಳವಾಡಿ, ರಾಜಿಯಾಗಿ, ಇನ್ನು ಮುಂದೆ ಎಲ್ಲರೂ ಒಪ್ಪಿದರೆ ಮಾತ್ರ ಯಾವುದೇ ಕೆಲಸ ಎಂದು ತೀರ್ಮಾನಿಸಿಕೊಂಡಿದ್ದರು. ಒಬ್ಬರು ತಲೆ ಅಲ್ಲಾಡಿಸಿದರೂ ವಿಷಯ ಮುಂದಿನ ಸಭೆಗೆ. ಒಡೆದ ಕಿಟಕಿಗೆ ಗಾಜು ಹಾಕಿಸುವ ಚರ್ಚೆ ಎರಡು ಮಳೆಗಾಲ ನಡೆಯಿತು. ಅಲ್ಲಿಯವರೆಗೆ ಆ ಜಾಗದಲ್ಲಿ ಗೊಬ್ಬರದ ಕಂಪನಿಯ ಕ್ಯಾಲೆಂಡರು ಅಂಟಿಸಿದ್ದರು. ಪ್ರಾರ್ಥನೆಗೆ ಕೂತವರಿಗೆ ಅಷ್ಟು ದಿನವೂ ಪಕ್ಕದಲ್ಲಿ ಒಂದು ಸೊಗಸಾದ ಟೊಮೆಟೊ ಗಿಡ ಕಾಣುತ್ತಿತ್ತು.

ಆ ಹಿರಿಯರಲ್ಲಿ ಒಬ್ಬ ಸಮಾಧಾನಪ್ಪ. ನನ್ನ ಓರಗೆಯವನು, ಬಾಲ್ಯದ ಗೆಳೆಯ. ಕಬ್ಬಿಣದ ಕಾರ್ಖಾನೆಯಲ್ಲಿ ಅವನು ಫಿಟ್ಟರು, ನಾನು ಸ್ಟೋರಿನಲ್ಲಿ. ಒಂದೇ ಸೈರನ್ನಿಗೆ ಎದ್ದು, ಒಂದೇ ಸೈರನ್ನಿಗೆ ಮನೆಗೆ ಬಂದವರು. ರಿಟೈರಾದ ಮೇಲೆ ದಿನಾ ಸಂಜೆ ನಮ್ಮ ಜಗಲಿಯಲ್ಲಿ ಅವನಿಗೆ ಚಹಾ, ನನಗೆ ಅವನ ಬೈಗುಳ.

ಆ ಹುಂಜವನ್ನು ಮಾಡಿದವರು ಅವನ ಅಪ್ಪ ಇಸ್ರೇಲಪ್ಪನವರು. ಇದು ನನಗೆ ಚೆನ್ನಾಗಿ ಗೊತ್ತು. ಕಾರ್ಖಾನೆಯಲ್ಲಿ ಅಚ್ಚಿಗೆ ಕಬ್ಬಿಣ ಸುರಿಯುವ ಕೆಲಸ ಅವರದು. ಗೋಪುರದ ಹಳೆಯ ಕಂಬಿ ಸಿಡಿಲಿಗೆ ಸಿಕ್ಕು ಮುರಿದಾಗ, ಮೇಸ್ತ್ರಿಯನ್ನು ಕೇಳಿ ರಜಾದಿನಗಳಲ್ಲಿ ಅವರೇ ಈ ಹುಂಜವನ್ನು ಎರಕ ಹೊಯ್ದರು. ಅದನ್ನು ಮೇಲಕ್ಕೆ ಏರಿಸಿದ ದಿನ ಹಗ್ಗ ಹಿಡಿದ ಮಕ್ಕಳಲ್ಲಿ ನಾನೂ ಒಬ್ಬ. ಎಲ್ಲರಿಗೂ ಕೊಬ್ಬರಿ ಮಿಠಾಯಿ ಕೊಟ್ಟರು. ನಾನು ಎರಡು ಸಲ ಸಾಲಿನಲ್ಲಿ ನಿಂತಿದ್ದೆ. ಹೀಗೆ ಎರಡು ಮಿಠಾಯಿ ತಿಂದ ಸಾಕ್ಷಿ, ವಯಸ್ಸಾದ ಮೇಲೆ ಏನು ಮಾಡಿದ ಕೇಳಿ.

ಕೆಲವು ವರ್ಷಗಳ ಹಿಂದೆ, ಒಂದು ಬಿಸಿಲಿನ ಮಧ್ಯಾಹ್ನ ಚರ್ಚಿನ ಗೇಟಿನೆದುರು ಒಂದು ಕಾರು ಪಂಕ್ಚರಾಗಿ ನಿಂತಿತು. ಶಿವಮೊಗ್ಗದ ಆಲ್ಕೊಳದ ಅಡಿಕೆ ವ್ಯಾಪಾರಿ ರುದ್ರೇಶಪ್ಪನವರು ಇಳಿದು ನಮ್ಮ ಜಗಲಿಗೆ ಬಂದರು. ನೀರು ಕೊಟ್ಟೆ. ಮಂಡಿಯಲ್ಲಿ ರಾಶಿ ಅಡಿಕೆಯ ರೇಟು ಮಲಗಿಬಿಟ್ಟಿದೆ, ಗೋಡೌನಿನಲ್ಲಿ ಮಾಲು ತುಂಬಿದೆ, ಮಾರಲೋ ಬೇಡವೋ ತಿಳಿಯುತ್ತಿಲ್ಲ ಎಂದು ತಲೆ ಕೆರೆದುಕೊಂಡರು. ಹಾಗೇ ಕತ್ತೆತ್ತಿ ನೋಡಿ, "ಇದೇನ್ರೀ ಇದು, ಹುಂಜ ನಮ್ ಶಿವಮೊಗ್ಗದ ಕಡೆ ಮುಖ ಮಾಡ್ಕೊಂಡು ನಿಂತಿದೆ?" ಎಂದರು.

ತುಕ್ಕು ಹಿಡಿದು ಸಿಕ್ಕಿಕೊಂಡಿದೆ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ರಿಟೈರಾದವನ ಮಧ್ಯಾಹ್ನ ಎಷ್ಟು ಉದ್ದ ಎಂದು ನಿಮಗೆ ಗೊತ್ತಿಲ್ಲದಿರಬಹುದು. "ಅದು ಸುಮ್ನೆ ನಿಂತಿಲ್ಲ ಸ್ವಾಮಿ" ಎಂದೆ. "ಸ್ಕಾಟ್ಲೆಂಡಿನಿಂದ ಹಡಗಲ್ಲಿ ಬಂದದ್ದು. ದೊರೆಗೆ ವ್ಯಾಪಾರದ ಗಾಳಿ ತಿಳೀಲಿ ಅಂತ ಅಲ್ಲಿನ ಪಂಡಿತರು ಮಾಡಿಕೊಟ್ಟಿದ್ದು. ಶಿವಮೊಗ್ಗದ ಕಡೆ ನೋಡಿದ್ರೆ ರೇಟು ಏರುತ್ತೆ, ತರೀಕೆರೆ ಕಡೆ ನೋಡಿದ್ರೆ ಇಳಿಯುತ್ತೆ."

ಇಷ್ಟು ಹೇಳಿ ನಾನೇ ನಗಬೇಕು ಅಂದುಕೊಂಡಿದ್ದೆ. ಅವರು ನಗಲಿಲ್ಲ. ಆದ್ದರಿಂದ ನಾನೂ ನಗಲಿಲ್ಲ.

ಅವರು ಮಾಲು ಮಾರಲಿಲ್ಲ. ವಾರ ಕಳೆಯುವುದರೊಳಗೆ ರೇಟು ಎದ್ದು ಕೂತಿತು. ರುದ್ರೇಶಪ್ಪನವರು ಆಳೆತ್ತರದ ಹಾರ, ಹಣ್ಣು, ಕಾಯಿ ಹಿಡಿದು ಬಂದರು. ಹಾರ ಹುಂಜಕ್ಕೆ ನಿಲುಕದ್ದರಿಂದ ನನಗೇ ಹಾಕಿದರು.

ಆಮೇಲೆ ಶುರುವಾಯಿತು ನೋಡಿ. ಮಂಡಿಯ ಚಹಾದಂಗಡಿಯಲ್ಲಿ ಸುದ್ದಿ ಹಬ್ಬಿತು. ಬೆಳಿಗ್ಗೆ ಬೆಳಿಗ್ಗೆ ಶಿವಮೊಗ್ಗದ ಗೋಪಾಳ, ಮಲವಗೊಪ್ಪದ ಕಡೆಯಿಂದ ಬೈಕುಗಳು. "ಹಾಲೇಶಣ್ಣ, ಇವತ್ತು ಯಾವ ಕಡೆ?" ಎಂದು ಫೋನುಗಳು. ಬಂದವರೆಲ್ಲ ಇತಿಹಾಸ ಕೇಳುತ್ತಿದ್ದರು. ಕೇಳಿದಷ್ಟೂ ನನ್ನಲ್ಲಿ ಇತಿಹಾಸ ಊರುತ್ತಿತ್ತು. ಹುಂಜ ಪಂಚಲೋಹದ್ದಾಯಿತು. ಹಡಗು ಬಿರುಗಾಳಿಗೆ ಸಿಕ್ಕಿತು. ದೊರೆಗೆ ಒಬ್ಬ ಹೆಂಡತಿ ಬಂದಳು, ಅವಳಿಗೆ ಮಲೇರಿಯಾ ಬಂತು. ಸ್ಟೋರಿನಲ್ಲಿ ನಟ್ಟು ಬೋಲ್ಟು ಎಣಿಸುತ್ತಾ ಆಯುಸ್ಸು ಕಳೆದವನನ್ನು ಜನ 'ಸ್ವಲ್ಪ ಹೇಳಿ ಸಾರ್' ಎಂದು ಕೇಳುವುದಿದೆಯಲ್ಲ, ಅದು ಬಹಳ ಕೆಟ್ಟ ರುಚಿ. ಪತ್ರಿಕೆಯವನು ಬಂದಾಗ ನಾನು ಆಗಲೇ ವಿಭೂತಿ ಬಳಿದುಕೊಂಡು ತಯಾರಾಗಿದ್ದೆ.

ಇನ್ನೂ ಒಂದು ಪಾಪವಿದೆ, ಅದನ್ನೂ ಹೇಳಿಬಿಡುತ್ತೇನೆ. ಹುಂಜ ಒಮ್ಮೆ ಜೋರು ಗಾಳಿಗೆ ಕಿರ್ರೆಂದು ತರೀಕೆರೆ ಕಡೆ ತಿರುಗಿ ಅಲ್ಲೇ ಕಚ್ಚಿಕೊಂಡಿತು. ವ್ಯಾಪಾರಿಗಳ ಮುಖ ನೋಡಲಾಗಲಿಲ್ಲ. ನಮ್ಮ ತಾರಸಿಯಿಂದ ಆ ಗೋಪುರ ಹತ್ತಿರ. ಬೆಳಕು ಹರಿಯುವ ಹೊತ್ತಿಗೆ, ಅಡಿಕೆ ಕೊನೆ ಕೀಳುವ ಉದ್ದನೆಯ ದೋಟಿಯೊಂದನ್ನು ತಂದು ಅದರ ಬಾಲಕ್ಕೆ ಕೊಕ್ಕೆ ಹಾಕಿ ಎಳೆದು ಶಿವಮೊಗ್ಗದ ಕಡೆ ತಿರುಗಿಸಿದೆ. ಹಿಂದಿನಿಂದ ಗಿರಿಜ ಬಂದವಳು, "ಏನ್ರೀ ಅದು?" ಎಂದಳು.

"ಮಾರ್ಕೆಟ್ ಸರಿ ಮಾಡ್ತಿದೀನಿ" ಎಂದೆ.

"ಮೊದ್ಲು ನಿಮ್ ತಲೆ ಸರಿ ಮಾಡ್ಕೊಳಿ. ಕೆಳಗೆ ಬಿದ್ರೆ ನಾನಂತೂ ಎತ್ತಕ್ಕೆ ಬರಲ್ಲ."

ಪತ್ರಿಕೆಯಲ್ಲಿ ಬಂದ ಸಂಜೆ ಸಮಾಧಾನಪ್ಪ ಎಂದಿನಂತೆ ಬಂದ. ಹಾಳೆಯನ್ನು ಕೈಗೆತ್ತಿಕೊಂಡು, ಕನ್ನಡಕ ಸರಿಮಾಡಿಕೊಂಡು, ಕೊನೆಯವರೆಗೂ ಓದಿದ. ಬೈಗುಳಕ್ಕೆ ಕಾದೆ. ಅವನು ಹಾಳೆಯನ್ನು ನಾಲ್ಕಾಗಿ ಮಡಚಿ ನನ್ನ ತೊಡೆಯ ಮೇಲಿಟ್ಟು, "ಸ್ಕಾಟ್ಲೆಂಡಿಂದ ಬಂತಾ? ಆಗ್ಲಿ ಬಿಡು" ಎಂದ. ಚಹಾ ಕುಡಿಯದೆ ಹೋದ. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಅಲ್ಲಿಯವರೆಗೆ, ಸತ್ಯವಾಗಿ ಹೇಳುತ್ತೇನೆ, ನನಗೆ ಹೊಳೆದೇ ಇರಲಿಲ್ಲ. ನಾನು ಒಂದು ಕತೆ ಕಟ್ಟಿದೆ ಅಂದುಕೊಂಡಿದ್ದೆ. ನಿಜಕ್ಕೂ ಆ ಹುಂಜವನ್ನು ಇಸ್ರೇಲಪ್ಪನವರ ಕೈಯಿಂದ ಕಿತ್ತು ಯಾವನೋ ದೊರೆಗೆ ಕೊಟ್ಟಿದ್ದೆ. ಹೊಳೆದ ಮೇಲಾದರೂ ಹೋಗಿ ತಪ್ಪಾಯ್ತು ಎನ್ನಬಹುದಿತ್ತು. ಆದರೆ ಮರುದಿನ ಬೆಳಿಗ್ಗೆ ಮತ್ತೆ ಯಾರೋ 'ಹಾಲೇಶಣ್ಣ' ಎಂದು ಕರೆದರು. ನಾನು ಬೆರಳೆತ್ತಿದೆ.

ಚರ್ಚಿನವರ ಪಾಡು ದಿನದಿನಕ್ಕೆ ಹದಗೆಟ್ಟಿತು. ಒಳಗೆ ಒಂದು ಚಿತ್ರವನ್ನೂ ಇಟ್ಟುಕೊಳ್ಳದ ಜನ ಅವರು. ಅವರ ಗೇಟಿನ ಮುಂದೆ ತೆಂಗಿನಕಾಯಿ ಚಿಪ್ಪು, ಕರ್ಪೂರದ ಮಸಿ. ಒಂದು ಭಾನುವಾರ ಯಾರೋ ಹರಕೆ ತೀರಿಸಲು ಜೀವಂತ ಹುಂಜವನ್ನೇ ತಂದು ಅಂಗಳದಲ್ಲಿ ಬಿಟ್ಟು ಹೋದರು. ಪಾಸ್ಟರು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವಾಗ ಅದು ನಡುವಿನ ದಾರಿಯಲ್ಲಿ ನೆಟ್ಟಗೆ ನಡೆದು ಬಂದು, ಅವರು ಆಮೆನ್ ಎಂದಾಗಲೆಲ್ಲ ಕೊಕ್ಕೋಕೋ ಎಂದಿತು. ಹಿರಿಯರು ಅದನ್ನು ಏನು ಮಾಡಬೇಕೆಂದು ಸಭೆ ಸೇರಿದರು. ಒಮ್ಮತ ಬರಲಿಲ್ಲ. ಆ ಹುಂಜ ಬಹಳ ದಿನ ಸುಖವಾಗಿ ಬದುಕಿತು.

ಆದರೆ ಮೇಲಿನ ಹುಂಜದ ವಿಷಯದಲ್ಲಿ ಒಮ್ಮತ ಬರುವ ಹಾಗಾಯಿತು. ಈ ಸುದ್ದಿಯನ್ನು ತಂದವಳು ಗಿರಿಜ. ಸಮಾಧಾನಪ್ಪನ ತಾಯಿ ಎಸ್ತೇರಮ್ಮನವರಿಗೆ ಅವಳು ಆಗಾಗ ಸಾರು ಕೊಟ್ಟು ಬರುತ್ತಾಳೆ. ಅವತ್ತು ಖಾಲಿ ಪಾತ್ರೆ ನನ್ನೆದುರು ಕುಕ್ಕಿ ಹೇಳಿದಳು: "ಹುಂಜ ಕಿತ್ತು ಹಾಕ್ತಾರಂತೆ. ವಿಗ್ರಹ ಆಗೋಯ್ತು ಅಂತ. ಗ್ಯಾಸ್ ಕಟರಿನವನಿಗೂ ಹೇಳಾಗಿದೆ. ಎಲ್ಲ ಹಿರಿಯರೂ ಒಪ್ಪಿದಾರೆ, ನಿಮ್ ಗೆಳೆಯ ಒಬ್ಬ ಬಿಟ್ಟು."

"ಅವನು ಒಪ್ಪಲ್ಲ ಬಿಡು. ಅವರಪ್ಪ ಮಾಡಿದ್ದು."

"ಅದನ್ನ ಅಲ್ಲಿ ಹೇಳಕ್ಕೆ ಅವ್ರಿಗೆ ನಾಚಿಕೆ ಅಂತೆ. ಉಳಿದೋರೆಲ್ಲ ಈಚೆಗೆ ಬಂದೋರು, ಪೇಪರ್‌ನಲ್ಲಿ ಬಂದಿದ್ದನ್ನೇ ನಂಬಿದಾರೆ. ನಮ್ಮಪ್ಪನ ಕೆಲಸ ಉಳ್ಸಿ ಅಂತ ತನ್ ಮನೆ ವಿಷಯ ಎತ್ತಿ ಸಭೆ ಒಡೀಬೇಕಾ ಅಂತ ನಿಮ್ ಗೆಳೆಯ ಕೂತಿದಾರೆ. ಈ ಭಾನುವಾರ ಆಯ್ತು ಅಂದ್ಬಿಡ್ತಾರಂತೆ. ಎಸ್ತೇರಮ್ಮ ಹೇಳಿದ್ರು, ಎರಡು ದಿನದಿಂದ ಊಟ ಬಿಟ್ಟಿದಾನೆ ಅಂತ."

ಗಿರಿಜ ಒಳಗೆ ಹೋದಳು. ಬಾಗಿಲ ಹತ್ತಿರ ತಿರುಗಿ, "ನಡೆದಾಡೋ ಇತಿಹಾಸ, ಒಂದ್ಸಲ ಅಲ್ಲಿಗೆ ನಡ್ಕೊಂಡು ಹೋಗಿ" ಎಂದಳು.

ಭಾನುವಾರ ಹೋದೆ. ಆರಾಧನೆ ಮುಗಿದು ಹಿರಿಯರು ಮುಂದಿನ ಬೆಂಚುಗಳಲ್ಲಿ ಕೂತಿದ್ದರು. ನನ್ನನ್ನು ಕಂಡು ಪಾಸ್ಟರು ಎದ್ದು ನಿಂತರು, ಸಣ್ಣ ವಯಸ್ಸಿನವರು, ಮರ್ಯಾದಸ್ಥರು. "ಬನ್ನಿ ಸಾರ್, ಚರ್ಚಿನ ಇತಿಹಾಸ ತಿಳಿದವರು" ಎಂದರು. ನಿಂತೇ ಹೇಳಿದೆ. ಹಡಗು ಸುಳ್ಳು. ಪಂಡಿತರು ಸುಳ್ಳು. ದೊರೆಯ ಹೆಂಡತಿ ಸುಳ್ಳು, ಅವಳ ಮಲೇರಿಯಾವೂ ಸುಳ್ಳು. ದೋಟಿಯ ವಿಷಯವನ್ನೂ ಹೇಳಿದೆ. ಹುಂಜವನ್ನು ಮಾಡಿದವರು ಇಸ್ರೇಲಪ್ಪನವರು, ನಾನೇ ಹಗ್ಗ ಹಿಡಿದಿದ್ದೆ, ಎರಡು ಮಿಠಾಯಿ ತಿಂದಿದ್ದೆ ಎಂದೂ ಹೇಳಿದೆ.

ಒಬ್ಬ ಹಿರಿಯರು ಬಹಳ ಹೊತ್ತು ಯೋಚಿಸಿ, "ಹಾಗಾದ್ರೆ ಮಲೇರಿಯಾ ಬರಲೇ ಇಲ್ವಾ? ನಾನು ಸಂಡೆ ಸ್ಕೂಲ್ ಮಕ್ಕಳಿಗೆ ಹೇಳಿಬಿಟ್ಟಿದೀನಲ್ರೀ" ಎಂದರು.

ಸಮಾಧಾನಪ್ಪ ನನ್ನ ಕಡೆ ನೋಡಲಿಲ್ಲ. ಚರ್ಚೆ ನಡೆಯಿತು. ಕೊನೆಗೆ ತೀರ್ಮಾನವಾದದ್ದು ಹೀಗೆ: ಯಾರು ಜನರನ್ನು ಕರೆದರೋ ಅವರೇ ವಾಪಸು ಕಳಿಸಬೇಕು. ಗೇಟಿನ ಮುಂದೆ ತೆಂಗಿನಕಾಯಿ ಒಡೆಯುವುದು ನಿಂತರೆ ಹುಂಜ ಇರಲಿ. ನಿಲ್ಲದಿದ್ದರೆ ಗ್ಯಾಸ್ ಕಟರ್. ಸಮಾಧಾನಪ್ಪನೂ ತಲೆಯಾಡಿಸಿದ. ಬಹಳ ವರ್ಷಗಳ ಮೇಲೆ ಒಂದೇ ಸಭೆಯಲ್ಲಿ ಒಮ್ಮತ ಬಂದದ್ದಕ್ಕೆ ಅವರೆಲ್ಲ ಸ್ವಲ್ಪ ಹೆದರಿದಂತಿತ್ತು.

ಮಾರನೆಯ ಬೆಳಿಗ್ಗೆ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತೆ. ಮೊದಲು ಬಂದವರು ರುದ್ರೇಶಪ್ಪನವರೇ, ಕೈಯಲ್ಲಿ ಹಾರ.

"ಸ್ವಾಮಿ, ನಾನು ನಿಮಗೆ ಸುಳ್ಳು ಹೇಳಿದೆ. ಈ ಹುಂಜಕ್ಕೆ ಏನೂ ಗೊತ್ತಾಗಲ್ಲ" ಎಂದೆ.

ಅವರು ನಕ್ಕರು. "ನಿಮ್ಗೆ ಮೇಲಿನವರಿಂದ ಒತ್ತಡ ಬಂದಿದೆ. ನಂಗೆ ಅರ್ಥ ಆಗುತ್ತೆ."

"ಒತ್ತಡ ಎಂಥದೂ ಇಲ್ಲ. ನಾನೇ ದೋಟಿ ಹಾಕಿ ತಿರುಗಿಸ್ತಿದ್ದೆ."

"ನಿಮ್ ಕೈಯಲ್ಲಿ ಅದು ತಿರುಗಿಸ್ಕೊಂಡಿದೆ ಅನ್ನಿ."

ಭಕ್ತಿಯ ಎದುರು ವಾದ ನಡೆಯುವುದಿಲ್ಲ ಎಂದು ನನಗೆ ಆವತ್ತು ತಿಳಿಯಿತು. ಬೆವರು ಒರೆಸಿಕೊಂಡು ಕೊನೆಯ ಮಾತು ಹೇಳಿದೆ: "ಅದು ಸ್ಕಾಟ್ಲೆಂಡಿಂದ ಬಂದದ್ದೇ ಅಲ್ಲ. ಇಲ್ಲೇ ನಮ್ ಬೀದಿ ಇಸ್ರೇಲಪ್ಪ ಅಂತ, ಕಾರ್ಖಾನೇಲಿ ಕೆಲಸ ಮಾಡೋರು, ಅವರು ಎರಕ ಹೊಯ್ದದ್ದು."

ರುದ್ರೇಶಪ್ಪನವರ ಮುಖ ಮೊದಲ ಬಾರಿಗೆ ಬದಲಾಯಿತು. "ಭದ್ರಾವತೀಲೇ ಮಾಡಿದ್ದಾ?"

"ಹೌದು."

"ಇಲ್ಲೇ? ನಮ್ಮೋರೇ?"

"ಹೌದು ಸ್ವಾಮಿ."

"ಥತ್" ಎಂದರು. ಕತ್ತೆತ್ತಿ ಹುಂಜವನ್ನು ಒಮ್ಮೆ ನೋಡಿದರು, ಮೋಸ ಮಾಡಿದ ನೆಂಟನನ್ನು ನೋಡುವ ಹಾಗೆ. "ಅದಕ್ಕೇ ನೋಡಿ ಹೋದ ತಿಂಗಳು ರೇಟು ಬಿದ್ದಿದ್ದು." ಹಾರವನ್ನು ಕಾರಿನ ಮುಂಭಾಗಕ್ಕೆ ಕಟ್ಟಿಕೊಂಡು ಹೊರಟುಹೋದರು.

ಸುದ್ದಿ ಬಂದಷ್ಟೇ ವೇಗವಾಗಿ ಹಿಂದಕ್ಕೆ ಹೋಯಿತು. ಸುಳ್ಳು ಎಂದಾಗ ಯಾರೂ ಬಿಡಲಿಲ್ಲ, ದೋಟಿ ಎಂದಾಗ ಬಿಡಲಿಲ್ಲ. ಊರಿನವರೇ ಮಾಡಿದ್ದು ಎಂದೊಡನೆ ಬಿಟ್ಟರು. ವಾರದಲ್ಲಿ ಗೇಟು ಖಾಲಿ. ಗ್ಯಾಸ್ ಕಟರಿನವನಿಗೆ ಬರಬೇಡ ಎಂದು ಹೇಳಿ ಕಳಿಸಿದರು.

ಗೆದ್ದವನ ಹಾಗೆ ಸಮಾಧಾನಪ್ಪನ ಮನೆಗೆ ಹೋದೆ. ಅವನು ಹೊರಗೆ ಸ್ಟೂಲಿನ ಮೇಲೆ ಕೂತು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ.

"ಉಳೀತಲ್ಲೋ" ಎಂದೆ.

"ಉಳೀತು." ತಲೆ ಎತ್ತಲಿಲ್ಲ. "ದೊರೆ ತಂದಿದ್ದು ಅಂದ್ರೆ ಕೈ ಮುಗಿದ್ರು. ನಮ್ಮಪ್ಪ ಮಾಡಿದ್ದು ಅಂದ್ರೆ ಥತ್ ಅಂದ್ರು. ನೀನು ಗೇಟಲ್ಲಿ ಕೂತು ಇಡೀ ಊರಿಂದ ನಮ್ಮಪ್ಪಂಗೆ ಥತ್ ಅನ್ಸಿದೆ ಮಾರಾಯ."

ಸುಳ್ಳು ಹೇಳಿ ಒಂದು ಸಲ, ನಿಜ ಹೇಳಿ ಇನ್ನೊಂದು ಸಲ, ಆ ಮನುಷ್ಯನಿಗೆ ಎರಡು ಬಾರಿ ಅವಮಾನ ಮಾಡಿದ್ದೆ. "ತಪ್ಪಾಯ್ತು ಕಣೋ" ಎಂದೆ. ಬಹಳ ಸಣ್ಣ ದನಿ ಬಂತು.

"ನನ್ ಹತ್ರ ಏನ್ ಕೇಳ್ತೀಯ? ಒಳಗೆ ಅಮ್ಮ ಇದಾಳೆ, ಹೋಗಿ ಅವಳ ಹತ್ರ ಕೇಳು."

ಎಸ್ತೇರಮ್ಮ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ತೊಂಬತ್ತು ದಾಟಿದ ಜೀವ. ಕಿವಿ ಸ್ವಲ್ಪ ಮಂದ, ಹಾಗಾಗಿ ಜಗತ್ತಿಗೇ ಕಿವಿ ಮಂದ ಎಂದು ತಿಳಿದು ಕೂಗಿ ಮಾತಾಡುತ್ತಾರೆ. ಕಾಲ ಹತ್ತಿರ ಕೂತು, ನಾನೂ ಕೂಗಿ ಕೂಗಿ ಎಲ್ಲವನ್ನೂ ಹೇಳಿದೆ. ಬೀದಿಯ ಹೆಂಗಸರು ಕಿಟಕಿಯಲ್ಲಿ ನಿಂತು ಕೇಳಿದರು. ಗುಟ್ಟಾಗಿ ಪಶ್ಚಾತ್ತಾಪ ಪಡುವ ಅನುಕೂಲ ನನಗಿರಲಿಲ್ಲ. "ಅಂಥ ಹುಂಜ ಮಾಡಿದವರ ಹೆಸರು ಅಳಿಸಿಬಿಟ್ಟೆ ಅಮ್ಮ, ಕ್ಷಮಿಸಿ" ಎಂದು ಮುಗಿಸಿದೆ.

ಅವರು ನನ್ನ ಮುಖವನ್ನೇ ನೋಡುತ್ತಾ ಇದ್ದರು. ಹಲ್ಲಿಲ್ಲದ ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಅಳುತ್ತಾರೆ ಅಂದುಕೊಂಡೆ.

"ಯಾವ ಹುಂಜ?" ಎಂದರು.

"ಗೋಪುರದ ಮೇಲಿನದು ಅಮ್ಮ."

"ಅದು ಹುಂಜ ಅಲ್ಲ ಕಣಪ್ಪ. ಪಾರಿವಾಳ."

ಕಿಟಕಿಯ ಹೆಂಗಸರು ಸರಳುಗಳಿಗೆ ಇನ್ನಷ್ಟು ಅಂಟಿಕೊಂಡರು.

"ಪಾರಿವಾಳ ಮಾಡ್ತೀನಿ ಅಂತ್ಲೇ ಹೊರಟಿದ್ರು. ಪವಿತ್ರಾತ್ಮನ ಗುರುತು ಅಂತ. ಸುರಿಯೋವಾಗ ತಲೆ ಹತ್ರ ಅಚ್ಚು ಬಿರೀತು. ಕಬ್ಬಿಣ ಉಕ್ಕಿ ಜುಟ್ಟಾಗಿ ನಿಂತ್ಬಿಡ್ತು. ಬಾಲದ ಕಡೆ ಮರಳು ಕುಸೀತು, ಅದೂ ಮೇಲಕ್ಕೆದ್ದು ಕೂತ್ಕೊಳ್ತು. ಇನ್ನೊಂದ್ ಸಲ ಹೊಯ್ಯೋಣ ಅಂದ್ರೆ ಮೇಸ್ತ್ರಿ ಕಬ್ಬಿಣ ಕೊಡಲ್ಲ. ಬಟ್ಟೆ ಮುಚ್ಕೊಂಡು ಚರ್ಚಿಗೆ ತಂದ್ರು, ಹಿರಿಯರ ಕೈಲಿ ಬೈಸ್ಕೊಳೋಣ ಅಂತ. ಬಟ್ಟೆ ತೆಗೆದ್ರೆ ಎಲ್ರೂ 'ಎಂಥ ಚಂದದ ಹುಂಜ ಇಸ್ರೇಲಪ್ಪ!' ಅಂದ್ಬಿಟ್ರು. ಇವರು ಹೂಂ ಅಂದ್ಬಿಟ್ರು." ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಗುತ್ತಿದ್ದರು. "ಸಾಯೋವರೆಗೂ ಹೂಂ ಅಂತ್ಲೇ ಇದ್ರು. ಯಾರಿಗೂ ಹೇಳ್ಬೇಡ ಹಾಲೇಶ. ನನ್ ಮಗನಿಗಂತೂ ಹೇಳ್ಲೇಬೇಡ, ಅವನು ಅದನ್ನ ಹುಂಜ ಅಂತ್ಲೇ ನಂಬಿದಾನೆ."

ಇದನ್ನು ಅವರು ಎಂದಿನ ದನಿಯಲ್ಲೇ ಹೇಳಿದ್ದರಿಂದ, ಬೀದಿಯ ಆ ತುದಿಯ ಹಿಟ್ಟಿನ ಗಿರಣಿಯವನಿಗೂ ಕೇಳಿಸಿತಂತೆ. ತಿರುಗಿ ನೋಡಿದೆ. ಬಾಗಿಲಲ್ಲಿ ಎಣ್ಣೆಯ ಡಬ್ಬಿ ಹಿಡಿದು ಸಮಾಧಾನಪ್ಪ ನಿಂತಿದ್ದ. ಅವನ ಮುಖದಲ್ಲಿ ಏನಿತ್ತು ಎಂದು ನನ್ನ ಎಸ್ಸೆಲ್ಸಿ ಕನ್ನಡದಲ್ಲಿ ಹೇಳಲಾರೆ. ಅವನು ಹೊರಗೆ ನಡೆದ. ನಾನು ಮಂಡಿ ಹಿಡಿದುಕೊಂಡು ಹಿಂದೆಯೇ ಹೋದೆ.

ಚರ್ಚಿನ ಅಂಗಳದ ನಡುವೆ ನಿಂತು ಅವನು ಕತ್ತೆತ್ತಿದ. ಬಿಸಿಲಿಗೆ ಅಂಗೈ ಅಡ್ಡ ಹಿಡಿದು ನೋಡಿದ. ಬಲಕ್ಕೆ ಸರಿದು ನೋಡಿದ, ಎಡಕ್ಕೆ ಸರಿದು ನೋಡಿದ. ಇನ್ನು ಇವನು ಜನ್ಮದಲ್ಲಿ ನನ್ನನ್ನು ಮಾತಾಡಿಸುವುದಿಲ್ಲ ಎಂದು ನಾನು ಗೇಟಿನ ಕಡೆ ಮೆಲ್ಲಗೆ ಹೆಜ್ಜೆ ಇಡುತ್ತಿದ್ದೆ.

"ಹಾಲೇಶ, ಬಾರೋ ಇಲ್ಲಿ" ಎಂದ.

ಹೋದೆ. ನನ್ನ ಭುಜ ಹಿಡಿದು ತಾನು ನಿಂತಿದ್ದ ಜಾಗದಲ್ಲಿ ನನ್ನನ್ನು ನಿಲ್ಲಿಸಿದ.

"ಸರಿಯಾಗಿ ನೋಡು" ಎಂದ. "ಕೊಕ್ಕು ಮಾತ್ರ ಪಾರಿವಾಳದ್ದೇ ಮಾರಾಯ."